ಆಗಸ್ಟ್ ತಿಂಗಳ ನೇರ ಗೆರೆ

ಬೊಲೋನಿಯಾ ಹೊರವಲಯದ ಆ ಕಾರ್ಖಾನೆಯಲ್ಲಿ ಚಾಕೊಲೇಟನ್ನು ಡಬ್ಬಿಗೆ ತುಂಬುವ ಯಂತ್ರಗಳು ತಯಾರಾಗುತ್ತವೆ. ಒಂದೊಂದಕ್ಕೂ ಮೂವತ್ತೆರಡು ಮೋಟಾರು. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೊಮ್ಮೆ ಎಲ್ಲಕ್ಕೂ ಅಪ್ಪಣೆ ಮುಟ್ಟಬೇಕು; ತಡವಾದರೆ ಉಕ್ಕಿನ ತೋಳುಗಳು ಡಿಕ್ಕಿ ಹೊಡೆಯುತ್ತವೆ. ಅಪ್ಪಣೆ ಸಾಗುವ ಆ ದಾರಿಗೆ ಕಸುಬಿನವರು ಬಸ್ ಎನ್ನುತ್ತಾರೆ.

ಹೊಸ ಯಂತ್ರಕ್ಕೆ ಯಾವ ಬಸ್ ಎಂದು ಜುಲೈ ಪೂರ್ತಿ ಜಗಳ. ಹಿರಿಯ ನೇರಿಯೊ ಮೂವತ್ತು ವರ್ಷ ತಿದ್ದಿ ತೀಡಿದ ಬಸ್ ಒಂದಿತ್ತು, ಯಂತ್ರಕ್ಕೇ ಮೀಸಲು. ಎಲ್ಲರ ಕಂಪ್ಯೂಟರುಗಳೂ ಬಳಸುವ ಕಾರ್ಖಾನೆಯ ಮಾಮೂಲಿ ನೆಟ್‌ವರ್ಕೇ ಸಾಕು ಎಂದು ಕಿರಿಯ ಇಂಜಿನಿಯರ್ ಡೆಲ್ಫಿನಾ ಹಟ ಹಿಡಿದಳು.

"ಆಂಬುಲೆನ್ಸನ್ನ ಸಂತೆ ಬೀದೀಲಿ ಓಡಿಸ್ತೀನಿ ಅಂತೀಯಲ್ಲ ಇಂಜಿನಿಯರಮ್ಮ!"

"ನಿಮ್ಮದು ಅಜ್ಜನ ಕಾಲದ ಹೆದರಿಕೆ. ಅಳೆದೇ ತೋರಿಸ್ತೀನಿ, ಸುಮ್ನಿರಿ."

ಆಗಸ್ಟಿನಲ್ಲಿ ಎರಡು ವಾರ ಹಗಲಿರುಳು ಅಳೆದಳು. ಒಂದೇ ಒಂದು ಅಪ್ಪಣೆಯೂ ತಡವಾಗಲಿಲ್ಲ. ತಡವನ್ನು ತೋರಿಸುವ ಪರದೆಯ ಮೇಲಿನ ಗೆರೆ ಅಡಿಪಟ್ಟಿ ಇಟ್ಟು ಎಳೆದ ಹಾಗಿತ್ತು. ಮಾಲೀಕ ಅದನ್ನು ನೇರಿಯೊಗೂ ಕಳಿಸಿ, ಇನ್ನು ಮನೆಯಲ್ಲೇ ಇರಿ ಎಂದುಬಿಟ್ಟ. ಕೆಲಸ ಬಿಡುವವರು ಎಲ್ಲರಿಗೂ ಸಿಹಿ ಹಂಚುವುದು ಅಲ್ಲಿನ ರೂಢಿ. ಮುದುಕ ಆ ಕಡೆ ತಲೆ ಹಾಕಲೇ ಇಲ್ಲ.

ಸೆಪ್ಟೆಂಬರಿನ ಮೊದಲ ಸೋಮವಾರ. ಬಿಸಿಲಿಗೆ ಮೂಗು ಸುಲಿದ ಇನ್ನೂರು ಜನ ಕಡಲತೀರದಿಂದ ಮರಳಿ ಒಟ್ಟಿಗೇ ಕಂಪ್ಯೂಟರ್ ತೆರೆದರು. ಹತ್ತು ನಿಮಿಷದೊಳಗೆ ನೆಟ್‌ವರ್ಕ್ ಕಿಕ್ಕಿರಿದು, ಅಪ್ಪಣೆ ತಡವಾಗಿ, ಹೊಸ ಯಂತ್ರದ ಎರಡು ತೋಳು ಬಡಿದುಕೊಂಡು ಮುರಿದವು. ಡೆಲ್ಫಿನಾಳಿಗೆ ಆಗ ಅರ್ಥವಾಯಿತು. ಊರಿಗೆ ಊರೇ ರಜೆಯಲ್ಲಿದ್ದಾಗ ಅವಳು ಅಳೆದದ್ದು ಖಾಲಿ ಬೀದಿಯನ್ನು. ಆಗಸ್ಟಿನಲ್ಲಿ ಕಾರ್ಖಾನೆ ಖಾಲಿ ಇರುವುದು ಅಲ್ಲಿ ಉಸಿರಾಟದಷ್ಟು ಸಹಜ. ಅದಕ್ಕೇ ಯಾರಿಗೂ ಅದು ಹೊಳೆದಿರಲಿಲ್ಲ.

ಮಾಲೀಕ ಓಡಿ ಬಂದ. "ಶುಕ್ರವಾರ ಗಿರಾಕಿ ಬರ್ತಾನೆ. ಯಂತ್ರ ಓಡದಿದ್ರೆ ಬಾಗಿಲು ಹಾಕೋದೇ. ಹೊರಗಿಂದ ಬೇರೆ ಬಸ್ ತರಿಸೋಕೆ ತಿಂಗಳುಗಟ್ಟಲೆ ಬೇಕು. ಕಾಲಿಗಾದ್ರೂ ಬೀಳು, ಆ ಮುದುಕನ್ನ ಕರ್ಕೊಂಡು ಬಾ."

ಅವಳು ಫೋನ್ ಮಾಡಿದಳು. ತಪ್ಪೆಲ್ಲ ಒಪ್ಪಿಕೊಂಡಳು.

"ನಂಗೂ ಹೊಳೀಲಿಲ್ಲ ಕಣಮ್ಮ," ಎಂದ ನೇರಿಯೊ. ಬೈಗುಳವಿರಲಿಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. "ನಿನ್ನ ಗೆರೆ ನೋಡಿ ನಂಬಿಬಿಟ್ಟೆ. ಮೂವತ್ತು ವರ್ಷ ದಂಡಕ್ಕೆ ದುಡಿದೆ ಅನ್ನಿಸ್ತು. ನಿನ್ನೆ ಭಾನುವಾರ ಮಾಂಸ ಸುಡೋ ಒಲೆಗೆ ನನ್ನ ನಕ್ಷೆ, ಲೆಕ್ಕ, ಎಲ್ಲಾ ಹಾಕ್ದೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ, ಅವಿಲ್ದೆ ನನ್ನ ಬಸ್ಸು ಹೊಸ ಯಂತ್ರಕ್ಕೆ ಕೂರಲ್ಲ. ತಲೇಲಿ ಉಳಿದಿದ್ರೆ ಈಗ್ಲೇ ಬರ್ತಿದ್ದೆ."