ಹನ್ನೊಂದು ನಲವತ್ತರ ಬಸ್ಸು

ಸೈರನ್ ಕೂಗಿದಾಗ ನಿಧಾನಪ್ಪ ಸ್ಟೇರಿಂಗ್ ಮೇಲೆ ಕರವಸ್ತ್ರ ಹಾಸಿಕೊಂಡು ಬಾಳೆಹಣ್ಣು ಸುಲಿಯುತ್ತಿದ್ದ. ಗಂಟೆ ಹತ್ತು ಐವತ್ತು. ಹನ್ನೊಂದೂಕಾಲಿಗೆ ಅವನ ಟ್ರಿಪ್ಪು. ಮುಖ್ಯ ನಿಲ್ದಾಣದಿಂದ ಹೊರಟು, ಗಡಿಯಾರ ಕಂಬದ ಹತ್ತಿರ ಎಡಕ್ಕೆ ತಿರುಗಿ, ಹೊಳೆಯಂಚಿನ ತಗ್ಗಿನ ಬೀದಿಗಳಲ್ಲಿ ಏಳು ಕಡೆ ನಿಂತು, ಹನ್ನೊಂದು ನಲವತ್ತಕ್ಕೆ ಕೊನೆಯ ಸ್ಟಾಪು ಮುಟ್ಟುವುದು. ಹತ್ತೊಂಬತ್ತು ವರ್ಷದಿಂದ ಇದೇ ರೂಟು. ಅವನ ನಿಜವಾದ ಹೆಸರು ಡಿಪೋದ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು; ಉಳಿದವರಿಗೆಲ್ಲ ಅವನು ನಿಧಾನಪ್ಪ. ದೂರದ ತಿರುವಿನಲ್ಲಿ ಮುದುಕಿಯೊಬ್ಬಳು ಕಾಣಿಸಿದರೂ ಸಾಕು, ಅವಳು ಬಂದು ಹತ್ತುವವರೆಗೆ ಬಾಗಿಲು ಮುಚ್ಚದವನಿಗೆ ಬೇರೆ ಯಾವ ಹೆಸರು ತಾನೇ ಬಂದೀತು?

"ಅಣ್ಣಾ, ಇದು ಡ್ರಿಲ್ಲಾ, ನಿಜಾನಾ?" ಹಿಂದಿನ ಬಾಗಿಲಿನಿಂದ ಕಂಡಕ್ಟರಮ್ಮ ಕೂಗಿ ಕೇಳಿದಳು.

ಯಾರಿಗೆ ಗೊತ್ತು? ಪ್ರವಾಹದ ಅಣಕು ಡ್ರಿಲ್ ಇದೇ ದಿನಕ್ಕೆ ನಿಗದಿಯಾಗಿತ್ತು. ಸೋಮವಾರ ನೋಟಿಸ್ ಬೋರ್ಡಿನಲ್ಲಿ 'ಮುಂದೂಡಲಾಗಿದೆ' ಎಂದು ಚೀಟಿ ಬಿತ್ತು. ಬುಧವಾರ ಅದರ ಕೆಳಗೆ ಯಾರೋ ಪೆನ್ನಿನಲ್ಲಿ 'ಮುಂದೂಡಿಕೆ ರದ್ದು' ಎಂದು ಗೀಚಿದ್ದರು. ಅದರ ಮುಂದೆ ಇನ್ಯಾರೋ ದೊಡ್ಡದೊಂದು ಪ್ರಶ್ನೆ ಚಿಹ್ನೆ ಹಾಕಿ ಹೋಗಿದ್ದರು. ಇವತ್ತು ನೋಡಿದರೆ ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ, ಬಸ್ಸಿನ ತಗಡು ಕಾದ ಹಂಚಿನಂತೆ ಸುಡುತ್ತಿದೆ. ಇಂಥ ಬಿಸಿಲಲ್ಲಿ ಪ್ರವಾಹ ಎಂದರೆ ನಂಬುವವರು ಯಾರು?

ಅಷ್ಟರಲ್ಲಿ ವೈರ್‌ಲೆಸ್ ಗೊರಗುಟ್ಟಿತು. "ಎಲ್ಲಾ ಬಸ್ಸುಗಳಿಗೂ ಸೂಚನೆ. ಮೇಲಿನ ಅಣೆಕಟ್ಟಿಂದ ನೀರು ಬಿಟ್ಟಿದ್ದಾರೆ. ಮಾಮೂಲಿ ರೂಟೆಲ್ಲ ರದ್ದು. ನಿಮ್ಮ ನಿಮ್ಮ ಮೈದಾನಕ್ಕೆ ಹೋಗಿ. ಇದು ಡ್ರಿಲ್ ಅಲ್ಲ. ಮತ್ತೆ ಹೇಳ್ತೀನಿ, ಇದು ಡ್ರಿಲ್ ಅಲ್ಲ."

"ಹಾಗಾದ್ರೆ ಡ್ರಿಲ್ಲೇ ಬಿಡಿ," ಎಂದಳು ಕಂಡಕ್ಟರಮ್ಮ ನಿರಾಳವಾಗಿ.

ಅವಳು ಹಾಗೆ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೋದ ಸಲದ ಡ್ರಿಲ್‌ನಲ್ಲೂ ಕಂಟ್ರೋಲ್ ರೂಮು ಇದೇ ಮಾತನ್ನು ಇದೇ ದನಿಯಲ್ಲಿ ಎರಡು ಸಲ ಹೇಳಿತ್ತು. ಡ್ರಿಲ್ ಎಂದು ಗೊತ್ತಾದರೆ ಡ್ರೈವರುಗಳು ಬೀಡಿ ಸೇದುತ್ತಾ ಕೂರುತ್ತಾರೆ, ನಿಜದ ಹಾಗೇ ಇರಲಿ ಎಂದು ಯೋಜನೆ ಮಾಡಿದ ಅಧಿಕಾರಿಯೇ ಹಟ ಹಿಡಿದು ಹೇಳಿಸಿದ್ದರು. ತೋಳ ಬಂತು ತೋಳ ಎಂದು ಕೂಗಿದವನ ಕತೆಯನ್ನು ಅವರು ಶಾಲೆಯಲ್ಲಿ ಓದಿರಲಿಲ್ಲವೋ ಏನೋ.

ಈ ಅಧಿಕಾರಿಯನ್ನು ಡಿಪೋದವರು ನಕ್ಷೆ ಸಾಹೇಬರು ಎಂದು ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಗೋಡೆಯಗಲದ ನಕ್ಷೆ ತೂಗುಹಾಕಿ ಮೂರು ಗಂಟೆ ವಿವರಿಸಿದ್ದರು: ಸೈರನ್ ಕೂಗಿದೊಡನೆ ಜನ ತಮ್ಮ ವಾರ್ಡಿನ ಮೈದಾನಕ್ಕೆ ನಡೆದು ಬರುತ್ತಾರೆ, ಬಸ್ಸುಗಳು ಅಲ್ಲಿಂದ ಅವರನ್ನು ಗುಡ್ಡದ ಮೇಲಿನ ಕಾಲೇಜಿಗೆ ಸಾಗಿಸುತ್ತವೆ, ನಡೆಯಲಾರದವರ ಪಟ್ಟಿ ಬೇರೆ, ಅವರ ಮನೆಗೇ ವ್ಯಾನು ಹೋಗುತ್ತದೆ. ನಿಧಾನಪ್ಪನಿಗೆ ಸಿಕ್ಕಿದ್ದು ಹೈಸ್ಕೂಲ್ ಮೈದಾನ. ಅವನು ಹಿಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಾ, ಎಚ್ಚರಾದಾಗಲೆಲ್ಲ ತಲೆಯಾಡಿಸಿದ್ದ.

ಪಟ್ಟಿಯ ಮಾತು ಬಂದಾಗಲಾದರೂ ಅವನು ಎಚ್ಚರವಾಗಿರಬೇಕಿತ್ತು. ಏಕೆಂದರೆ ಕೊನೆಯ ಸ್ಟಾಪಿನ ಹಿಂದಿನ ಬೀದಿಯಲ್ಲಿ ಅವನ ಅಕ್ಕನ ಮನೆ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ತುಳಿದು ಅವಳ ಬಲ ಮಂಡಿ ಸವೆದುಹೋಗಿತ್ತು. ಸ್ಟಾಪಿನವರೆಗೆ ನಡೆಯುವುದೇ ಹೆಚ್ಚು. ಪಟ್ಟಿ ಬರೆಯುವವರು ಬಾಗಿಲಿಗೆ ಬಂದಾಗ ಅವಳು, "ನನ್ನ ತಮ್ಮನೇ ಬಸ್ಸು ಓಡಿಸ್ತಾನೆ ಕಣ್ರಪ್ಪ, ನನಗ್ಯಾಕೆ ನಿಮ್ಮ ಪಟ್ಟಿ?" ಎಂದು ವಾಪಸು ಕಳಿಸಿದ್ದಳು. ಇದನ್ನು ಅವಳೇ ಹೆಮ್ಮೆಯಿಂದ ಹೇಳಿದ್ದಳು. ಅವನೂ ಕೇಳಿ ನಕ್ಕಿದ್ದ.

ನಿಧಾನಪ್ಪ ಬಾಳೆಹಣ್ಣು ಬಾಯಿಗೆ ತುರುಕಿಕೊಂಡು, ಹತ್ತಿ ಕೂತಿದ್ದ ಮೂವರನ್ನು ಇಳಿಸಿ, ಹೈಸ್ಕೂಲ್ ಮೈದಾನಕ್ಕೆ ಗಾಡಿ ಬಿಟ್ಟ.

ಮೈದಾನದಲ್ಲಿ ಬ್ಯಾನರಿತ್ತು. ಸಾಲಾಗಿ ಹಾಕಿದ ಕುರ್ಚಿಗಳಿದ್ದವು. ಕಿತ್ತಳೆ ಅಂಗಿಯ ಸ್ವಯಂಸೇವಕರಿಬ್ಬರು ಆಗಾಗ ಸೀಟಿ ಊದುತ್ತಿದ್ದರು, ಯಾರಿಗಾಗಿ ಎಂದು ಅವರಿಗೂ ಗೊತ್ತಿದ್ದಂತಿರಲಿಲ್ಲ. ಜನ ಮಾತ್ರ ಇರಲಿಲ್ಲ.

"ಎಲ್ರಪ್ಪಾ ಜನ?" ಎಂದ ನಿಧಾನಪ್ಪ.

"ಬರ್ತಾರೆ ಸಾರ್. ಪ್ಲಾನಲ್ಲಿ ಹತ್ತು ನಿಮಿಷ ಅಂತಿದೆ."

ಬಂದವರು ನಾಲ್ಕು ಜನ. ಅವರಲ್ಲಿ ಇಬ್ಬರು ಸೈರನ್ ಯಾಕೆ ಕೂಗುತ್ತಿದೆ ಎಂದು ಕೇಳಲು ಬಂದವರು. ನಾಲ್ವರನ್ನೂ ಕೂರಿಸಿಕೊಂಡು ಗುಡ್ಡ ಹತ್ತಿಸಿ ಕಾಲೇಜಿನ ಮುಂದೆ ಇಳಿಸಿದ. ಐವತ್ತು ಸೀಟಿನ ಬಸ್ಸಿನಲ್ಲಿ ನಾಲ್ಕು ತಲೆ. ಇಳಿಯುವಾಗ ಒಬ್ಬಾತ, "ವಾಪಸ್ ಎಷ್ಟೊತ್ತಿಗೆ ಬಿಡ್ತೀರ?" ಎಂದು ಬೇರೆ ಕೇಳಿದ.

ವೈರ್‌ಲೆಸ್‌ನಲ್ಲಿ ಆಗ ಎತ್ತು ಏರಿಗೆ, ಕೋಣ ನೀರಿಗೆ. ಹದಿನೇಳನೇ ನಂಬರಿನ ಡ್ರೈವರ್ ತನ್ನ ಮೈದಾನದಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲವೆಂದ. ಇನ್ನೊಬ್ಬ, ಮೈದಾನದ ಗೇಟಿಗೇ ಬೀಗ ಬಿದ್ದಿದೆ, ಬೀಗದಕೈ ಯಾರ ಹತ್ತಿರ ಎಂದು ಕೇಳಿದ. ಕಂಟ್ರೋಲ್ ರೂಮಿನ ದನಿ ಎಲ್ಲರಿಗೂ ಒಂದೇ ಉತ್ತರ ಕೊಟ್ಟಿತು: "ನಿಮ್ಮ ನಿಮ್ಮ ಜಾಗದಲ್ಲೇ ಇರಿ." ಊರಿನ ಬಸ್ಸೆಲ್ಲ ಮೈದಾನದಲ್ಲಿ. ಹಾಗಾದರೆ ಊರಿನ ಜನ ಎಲ್ಲಿ? ನಿಧಾನಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಡ್ರಿಲ್ ಎಂದಾದರೆ ಇಷ್ಟೊಂದು ಗಲಿಬಿಲಿ ಯಾಕೆ, ನಿಜವೆಂದಾದರೆ ಇಷ್ಟೊಂದು ಬಿಸಿಲು ಯಾಕೆ?

ಗುಡ್ಡ ಇಳಿದು ಪೇಟೆಯ ರಸ್ತೆಗೆ ಬರುವಾಗ ಕಂಡಕ್ಟರಮ್ಮ ಅವನ ಭುಜ ಹಿಡಿದು ಅಲುಗಿಸಿದಳು. "ಅಣ್ಣಾ, ಅಲ್ಲಿ ನೋಡಿ."

ರಸ್ತೆ ಬದಿಯ ಚರಂಡಿಯಲ್ಲಿ ನೀರು ಹಿಂದಕ್ಕೆ ಹರಿಯುತ್ತಿತ್ತು. ದಿನವೂ ಹೊಳೆಯ ಕಡೆ ಇಳಿಯುವ ನೀರು ಈಗ ಹೊಳೆಯ ಕಡೆಯಿಂದ ಮೇಲಕ್ಕೆ ಬರುತ್ತಿತ್ತು, ಕಂದು ಬಣ್ಣ, ಮೇಲೆ ಚಪ್ಪಲಿಯೊಂದು ತೇಲುತ್ತಿತ್ತು. ಬಿಸಿಲಿಗೆ ಪಳಪಳ ಹೊಳೆಯುತ್ತಿದ್ದ ಆ ನೀರನ್ನು ನೋಡಿ ನಿಧಾನಪ್ಪ ಬಸ್ಸಿನ ವೇಗ ಇಳಿಸಿದ. ಡ್ರಿಲ್ ಅಲ್ಲ. ನಿಜ.

ಆಗ ಅವನಿಗೆ ಅಕ್ಕ ನೆನಪಾದಳು. ಅಷ್ಟು ಹೊತ್ತೂ ನೆನಪಾಗಲಿಲ್ಲವಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಕಂಡಕ್ಟರಮ್ಮನಿಂದ ಫೋನ್ ಮಾಡಿಸಿದ. ರಿಂಗಾಯಿತೇ ಹೊರತು ಯಾರೂ ಎತ್ತಲಿಲ್ಲ. ಅಕ್ಕ ಫೋನನ್ನು ದಾರದುಂಡೆಗಳ ಡಬ್ಬಿಯಲ್ಲಿಟ್ಟು ಮರೆಯುವವಳು. ವೈರ್‌ಲೆಸ್ ಒತ್ತಿ ಕೇಳಿದ, "ಕಂಟ್ರೋಲ್, ಹೊಳೆಯಂಚಿನ ಬೀದಿಗಳಿಗೆ ಯಾರು ಹೋಗಿದ್ದಾರೆ?"

"ಅಲ್ಲಿನವರೆಲ್ಲ ಹೈಸ್ಕೂಲ್ ಮೈದಾನಕ್ಕೆ ಬರ್ತಾರೆ. ಅದು ನಿಮ್ಮದೇ ಮೈದಾನ. ಅಲ್ಲಿಗೇ ಹೋಗಿ."

"ಅಲ್ಲಿ ಯಾರೂ ಬಂದಿಲ್ಲ ಸ್ವಾಮಿ!"

"ಬರ್ತಾರೆ. ಹೋಗಿ ಕಾಯಿರಿ."

ಅಕ್ಕನ ಮನೆಯಿಂದ ಹೈಸ್ಕೂಲಿಗೆ ಒಂದೂವರೆ ಮೈಲಿ. ಆ ಮಂಡಿಯಲ್ಲಿ. ಒಂದು ಕಡೆ ಆದೇಶ, ಒಂದು ಕಡೆ ಅಕ್ಕ. ತಾನು ಅತ್ತ ಹೋದಾಗ ಮೈದಾನಕ್ಕೆ ನೂರು ಜನ ಬಂದು ಬಸ್ಸಿಲ್ಲದೆ ನಿಂತರೆ? ಒಬ್ಬಳಿಗಾಗಿ ನೂರು ಜನರನ್ನು ಬಿಟ್ಟಂತಾಗುವುದಿಲ್ಲವೇ? ಯೋಚಿಸಿದಷ್ಟೂ ಮಂಕು ಕವಿಯಿತು. ಕೊನೆಗೆ ಮೈದಾನಕ್ಕೇ ಹೋಗುವುದೆಂದು ನಿರ್ಧರಿಸಿದ. ಇದು ಅವನಿಗೆ ಚೆನ್ನಾಗಿ ನೆನಪಿದೆ: ಮೈದಾನಕ್ಕೇ ಎಂದು ನಿರ್ಧರಿಸಿದ್ದ. ಕಣ್ಣು ಮಂಜಾಗಿತ್ತು, ಅಂಗಿಯ ತೋಳಿನಿಂದ ಒರೆಸಿಕೊಂಡ.

ಗಡಿಯಾರ ಕಂಬ ಬಂತು. ಮೈದಾನಕ್ಕೆ ನೇರ ಹೋಗಬೇಕು. ಅವನ ಕೈ ಇಂಡಿಕೇಟರ್ ಹಾಕಿತು, ಕಾಲು ಬ್ರೇಕು ತುಳಿಯಿತು, ಗೇರು ಇಳಿಯಿತು, ಬಸ್ಸು ಎಡಕ್ಕೆ ತಿರುಗಿತು.

"ಅಣ್ಣಾ! ನೇರ ಅಲ್ವಾ?"

ಅವನು ಕಕ್ಕಾಬಿಕ್ಕಿಯಾಗಿ ಸ್ಟೇರಿಂಗ್ ನೋಡಿದ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂಬಂತಾಗಿತ್ತು. ಹತ್ತೊಂಬತ್ತು ವರ್ಷ ದಿನಕ್ಕೆ ಎಂಟು ಸಲ ತಿರುಗಿಸಿದ ಕೈ ತನ್ನ ಪಾಡಿಗೆ ತಾನು ತಿರುಗಿಸಿತ್ತು. ಬೀದಿ ಕಿರಿದು, ಹಿಂದೆ ತೆಗೆಯೋಣವೆಂದರೆ ಬೆನ್ನಿಗೇ ಎರಡು ಕಾರು ಅಂಟಿಕೊಂಡಿದ್ದವು.

"ತಪ್ಪಾಯ್ತು ಕಣಮ್ಮಾ," ಎಂದ. "ಮುಂದೆ ಎಲ್ಲಾದ್ರೂ ತಿರುಗಿಸ್ಕೊಂಡು..."

ಮಾತು ಅಲ್ಲಿಗೇ ನಿಂತಿತು. ಮೊದಲನೇ ಸ್ಟಾಪಿನಲ್ಲಿ ಜನ ನಿಂತಿದ್ದರು. ಒಬ್ಬಿಬ್ಬರಲ್ಲ, ಸಾಲುಗಟ್ಟಿ. ಗಂಟು ಮೂಟೆ, ಕಂಕುಳಲ್ಲಿ ಮಕ್ಕಳು, ಒಬ್ಬರ ಕೈಯಲ್ಲಿ ಗೋಡೆ ಗಡಿಯಾರ. ಬಸ್ಸು ಕಂಡೊಡನೆ ದಿನದಂತೆ ಕೈ ತೋರಿಸಿದರು. ಅವನ ಕಾಲು ದಿನದಂತೆ ಬ್ರೇಕು ತುಳಿಯಿತು.

"ಏನ್ ಡ್ರೈವರಣ್ಣಾ, ಇವತ್ತೇ ಲೇಟ್ ಮಾಡ್ಬೇಕಾ?" ಎನ್ನುತ್ತಾ ಹತ್ತಿದರು. ಒಬ್ಬ ಅಜ್ಜ ಅಭ್ಯಾಸಬಲದಿಂದ ಪಾಸು ತೆಗೆದು ತೋರಿಸಿದ. ಕಂಡಕ್ಟರಮ್ಮನೂ ಅಭ್ಯಾಸಬಲದಿಂದ ಅದನ್ನು ನೋಡಿ ವಾಪಸು ಕೊಟ್ಟಳು.

"ಸೈರನ್ ಕೇಳಿಸ್ಲಿಲ್ವಾ ನಿಮಗೆ?" ಅವಳು ಕೇಳಿದಳು. "ಮೈದಾನಕ್ಕೆ ಹೋಗ್ಬೇಕಂತೆ!"

"ಕೇಳಿಸ್ತು ಕಣಮ್ಮಾ," ಎಂದ ಅಜ್ಜ. "ಅದಕ್ಕೇ ಅಲ್ವಾ ಬಸ್ ಸ್ಟಾಪಿಗೆ ಬಂದದ್ದು? ಮೈದಾನದಲ್ಲಿ ಯಾವ ಕಾಲಕ್ಕೆ ಬಸ್ಸು ನಿಲ್ತಿತ್ತು?"

ನಿಧಾನಪ್ಪ ಗಾಡಿ ಮುಂದೆ ಬಿಟ್ಟ. ಎರಡನೇ ಸ್ಟಾಪಿನಲ್ಲೂ ಜನ. ಮೂರನೆಯದರಲ್ಲೂ. ಅವನು ವೈರ್‌ಲೆಸ್ ಒತ್ತಿ ಹೇಳಿಯೇಬಿಟ್ಟ. "ಎಲ್ಲಾ ಡ್ರೈವರುಗಳೂ ಕೇಳ್ರಪ್ಪಾ. ಜನ ಸ್ಟಾಪಲ್ಲಿದ್ದಾರೆ. ಮೈದಾನ ಬಿಡಿ. ನಿಮ್ಮ ನಿಮ್ಮ ರೂಟಿಗೆ ಹೋಗಿ."

"ಯಾರದು? ಯಾರ ಆದೇಶ ಇದು?" ಕಂಟ್ರೋಲ್ ರೂಮು ಗುಡುಗಿತು.

"ಹದಿನೇಳು ಹೊರಟೆ," ಎಂದಿತು ಮತ್ತೊಂದು ದನಿ. ಅದರ ಹಿಂದೆಯೇ ಇನ್ನೊಂದು, ಮತ್ತೊಂದು.

ಆರನೇ ಸ್ಟಾಪು ದಾಟುವಾಗ ನೀರು ಮೆಟ್ಟಿಲು ಮುಟ್ಟುತ್ತಿತ್ತು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನು ಕೊನೆಯ ತಿರುವು ತಿರುಗಿದ. ಅಕ್ಕ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು, ಮಡಿಲಲ್ಲಿ ಬಟ್ಟೆ ಕತ್ತರಿಸುವ ಕತ್ತರಿ. ಅವಳ ಸುತ್ತ ಮೊಣಕಾಲು ನೀರಿನಲ್ಲಿ ಇಡೀ ಬೀದಿಯ ಜನ, ಮೂವತ್ತಕ್ಕೆ ಕಡಿಮೆಯಿಲ್ಲ.

"ಹನ್ನೆರಡು ನಿಮಿಷ ಲೇಟು ಕಣೋ!" ಎಂದು ಅಲ್ಲಿಂದಲೇ ಕೂಗಿದಳು. ಆಮೇಲೆ ಸುತ್ತ ನಿಂತವರ ಕಡೆ ತಿರುಗಿ, "ನಾನು ಹೇಳ್ಲಿಲ್ವಾ? ನನ್ನ ತಮ್ಮನ ಬಸ್ಸು ಬಂದೇ ಬರುತ್ತೆ ಅಂತ?" ಎಂದಳು.

ಪಕ್ಕದ ಮನೆಯಾಕೆ ಮಗುವನ್ನು ಹೆಗಲಿಗೇರಿಸಿಕೊಂಡು ಹತ್ತುತ್ತಾ ನಿಧಾನಪ್ಪನಿಗೆ ಹೇಳಿದಳು: "ನಾವೆಲ್ಲ ಹೈಸ್ಕೂಲಿಗೆ ನಡ್ಕೊಂಡು ಹೊರಟಿದ್ವಿ ಅಣ್ಣಾ. ನಿಮ್ಮಕ್ಕನೇ ವಾಪಸ್ ಕರೆದ್ರು. ಅಷ್ಟು ದೂರ ಯಾಕೆ ನಡೀತೀರ, ಹನ್ನೊಂದು ನಲವತ್ತಕ್ಕೆ ಬಸ್ಸಿದೆಯಲ್ಲಾ ಅಂದ್ರು."

ಅವನು ಇಳಿದು ಅಕ್ಕನನ್ನು ಕೈಹಿಡಿದು ಹತ್ತಿಸಿದ. ಒಬ್ಬರ ಮೇಲೊಬ್ಬರು ಕೂತು, ನಿಂತು, ಹೇಗೋ ಎಲ್ಲರೂ ಒಳಗೆ ತೂರಿಕೊಂಡರು. ಮೇಲಿನ ಬೀದಿಯ ಬಳಸು ದಾರಿ ಹಿಡಿದು ಬಸ್ಸನ್ನು ಗುಡ್ಡಕ್ಕೆ ಏರಿಸುವಾಗ ಇಂಜಿನ್ನು ನರಳಿತು. ಅವನ ಮೈ ಬೆವರಿನಿಂದ ತೊಯ್ದುಹೋಗಿತ್ತು. ಹಿಂದೆ ಯಾರೋ ಸ್ಟಾಪು ಬಂದಾಗ ಎಬ್ಬಿಸಿ ಎಂದು ಹಾಸ್ಯ ಮಾಡಿದರು, ಬಸ್ಸೆಲ್ಲ ನಕ್ಕಿತು. ಅವನಿಗೆ ನಗು ಬರಲಿಲ್ಲ.

ಕಾಲೇಜಿನ ವರಾಂಡದಲ್ಲಿ ನಕ್ಷೆ ಸಾಹೇಬರು ಕಾಗದ ಸಿಕ್ಕಿಸಿದ ಬರೆಯುವ ಹಲಗೆ ಹಿಡಿದು ನಿಂತಿದ್ದರು, ತಲೆ ಕೆದರಿತ್ತು. ನಿಧಾನಪ್ಪನ ಬಸ್ಸಿನ ಹಿಂದೆಯೇ ಹದಿನೇಳು ಬಂತು, ಮತ್ತೆರಡು ಬಸ್ಸು ಬಂದವು, ಎಲ್ಲವೂ ತುಂಬಿ ತುಳುಕುತ್ತಿದ್ದವು. ಸಾಹೇಬರು ಒಂದೊಂದನ್ನೇ ಬಾಯಿ ತೆರೆದು ನೋಡಿದರು, ಆಮೇಲೆ ನಿಧಾನಪ್ಪನ ಬಳಿ ಬಂದರು.

"ರೂಟು ಬದಲಿಸೋ ನಿರ್ಧಾರ ಯಾರದ್ದು? ಬೈಯೋದಕ್ಕಲ್ಲ, ಬರ್ಕೊಳ್ಳೋದಕ್ಕೆ. ನಿಮಗೆ ಹೇಗೆ ಹೊಳೀತು?"

"ಗೊತ್ತಿಲ್ಲ ಸಾರ್," ಎಂದ. ಅದು ನಿಜವೇ ಆಗಿತ್ತು. ಸಾಹೇಬರು ಆ ಜಾಗವನ್ನು ಖಾಲಿ ಬಿಟ್ಟು ಮುಂದಿನ ಬಸ್ಸಿನ ಕಡೆ ಹೋದರು.

ಅಕ್ಕ ತರಗತಿಯೊಂದರ ಮುಂದಿನ ಬೆಂಚಿನ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದಳು. ಅವಳ ಬೀದಿಯವರು ಅಲ್ಲೇ ನೆಲದ ಮೇಲೆ ಹರಡಿಕೊಂಡಿದ್ದರು. ಪಕ್ಕದ ಮನೆಯಾಕೆಯ ಮಗು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಏನೋ ಗೀಚುತ್ತಿತ್ತು. ನಿಧಾನಪ್ಪ ಅಕ್ಕನ ಪಕ್ಕ ಕೂತ.

"ಯಾಕೋ ಸಪ್ಪಗಿದ್ದೀಯ? ಬಂದ್ಯಲ್ಲ, ಬಿಡು. ಹನ್ನೆರಡು ನಿಮಿಷ ಏನು ಮಹಾ."

ಅವನು ಸುಮ್ಮನಿರಬಹುದಿತ್ತು. ಆದರೆ ಅಕ್ಕನ ಹತ್ತಿರ ಅವನು ಹುಟ್ಟಿದಾಗಿನಿಂದ ಏನನ್ನೂ ಮುಚ್ಚಿಟ್ಟವನಲ್ಲ.

"ಅಕ್ಕಾ, ಹನ್ನೊಂದು ನಲವತ್ತರ ಬಸ್ಸು ಇವತ್ತು ಇರ್ಲೇ ಇಲ್ಲ. ರದ್ದಾಗಿತ್ತು. ನಾನು ಬರೋನಿರ್ಲಿಲ್ಲ. ಮೈದಾನಕ್ಕೆ ಹೊರಟಿದ್ದೆ, ದಾರಿ ತಪ್ಪಿ ಬಂದುಬಿಟ್ಟೆ."

ಮಂಡಿ ತಿಕ್ಕುತ್ತಿದ್ದ ಅವಳ ಕೈ ನಿಂತಿತು. ಅವಳು ಅವನನ್ನು ನೋಡಲಿಲ್ಲ. ನೆಲದ ಮೇಲೆ ಕೂತಿದ್ದ ತನ್ನ ಬೀದಿಯವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಕೊನೆಗೆ ಕಪ್ಪುಹಲಗೆಯ ಮುಂದಿನ ಮಗುವನ್ನು ನೋಡಿದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು.

"ಮೆಲ್ಲಗೆ ಮಾತಾಡೋ," ಎಂದಳು. "ಅವರಿಗೆ ಕೇಳಿಸುತ್ತೆ."

ಆಮೇಲೆ ಅವನ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಮುಂದಿನ ಟ್ರಿಪ್ಪಿಗೆ ಕಂಡಕ್ಟರಮ್ಮ ಎರಡು ಸಲ ಬಂದು ಕರೆದರೂ ಬಿಡಲಿಲ್ಲ.