ಅಕ್ಕನ ಆವರಿಕೆ

ಚೈತ್ರ ಕಳೆದು ವೈಶಾಖ ಕಾಲಿಟ್ಟಿತ್ತು. ದೇವಲಾಪುರದ ಬಯಲಿನ ಮೇಲೆ ಸೂರ್ಯನು ತನ್ನ ಸಹಸ್ರಕಿರಣಗಳನ್ನೂ ಜಿಪುಣತನವಿಲ್ಲದೆ ಸುರಿಯುತ್ತಿದ್ದ. ರಾಗಿ ಕೊಯ್ದ ಹೊಲಗಳು ಕೆಂಪಗೆ ಕಾದು, ದೂರದ ಗುಡ್ಡಗಳು ಬಿಸಿಲ ಝಳದಲ್ಲಿ ನಡುಗಿದಂತೆ ಕಂಡು, ಮೇಘರೇಖೆಯೊಂದೂ ಇಲ್ಲದ ಆ ಮಹಾನಿಶ್ಶಬ್ದದ ನಡುವೆ... ಆಹಾ, ಸಹೃದಯರೇ, ಬೇಲಿಸಾಲಿನ ಆವರಿಕೆ ಗಿಡಗಳು ಮಾತ್ರ ಯಾರ ಹಂಗೂ ಇಲ್ಲದೆ ಮೈತುಂಬ ಹಳದಿ ಹೂ ಮುಡಿದು ನಿಂತಿದ್ದವು! ನೀರೆರೆಯುವವರಿಲ್ಲ, ನೆರಳು ಹಿಡಿಯುವವರಿಲ್ಲ. ಆದರೂ ಆ ಸ್ವರ್ಣೋಲ್ಲಾಸಕ್ಕೆ ಕೊರತೆಯಿಲ್ಲ. ಇಂಥ ಊರಿನಲ್ಲಿ ಒಂದೇ ಒಂದು ಆವರಿಕೆ ಸಾಯುತ್ತಿತ್ತು. ಅದು ರವೀಂದ್ರನ ಮನೆಯಂಗಳದಲ್ಲಿತ್ತು.

ಆ ಗಿಡವನ್ನು ಬೀಜದಿಂದ ಬೆಳೆಸಿದವಳು ರವೀಂದ್ರನ ಮೊದಲ ಹೆಂಡತಿ. ಆಕೆ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಅವನ ಕೈಹಿಡಿದು ಬಂದವಳು ರಂಜಿತ. ಅತ್ತೆ ಬೆಟ್ಟಮ್ಮ ಕೆ.ಆರ್. ಪೇಟೆಯ ಮಗಳ ಮನೆಗೆ ಹೊರಡುವಾಗ ಸೊಸೆಗೆ ಗಿಡವನ್ನು ತೋರಿಸಿ, "ಇದು ನಿಮ್ಮಕ್ಕನ ಗಿಡ ಕಣವ್ವ, ನೋಡ್ಕೊ" ಎಂದಿದ್ದರು. ತೀರಿಹೋದ ಸವತಿಯನ್ನು ಅಕ್ಕ ಎನ್ನುವುದು ಈ ಕಡೆಯ ವಾಡಿಕೆ. ಆದರೆ ಆ ಅಕ್ಕನ ಮಾತನ್ನು ರವೀಂದ್ರ ಎಂದೂ ಎತ್ತುತ್ತಿರಲಿಲ್ಲ. ಕೇಳುವ ಧೈರ್ಯ ರಂಜಿತಳಿಗೂ ಇರಲಿಲ್ಲ.

ನೋಡಿಕೊ! ಎಷ್ಟು ಸಣ್ಣ ಮಾತು! ಬೆಟ್ಟಮ್ಮನವರ ಬಾಯಲ್ಲಿ ಅದರ ಅರ್ಥ, ಯಾರೂ ಕಡಿಯದಂತೆ ಕಣ್ಣಿಟ್ಟಿರು ಎಂದಷ್ಟೇ. ರಂಜಿತಳೋ ಅರಕೆರೆಯ ಹುಡುಗಿ, ನಾಲೆಯ ದಂಡೆಯಲ್ಲಿ ಬೆಳೆದವಳು. ಅವಳೂರಿನಲ್ಲಿ ಪೈರನ್ನು ನೋಡಿಕೊಳ್ಳುವುದೆಂದರೆ ನೀರು ಕಟ್ಟುವುದು. ಎಲೆ ಹಳದಿಯಾದರೆ ಇನ್ನಷ್ಟು ನೀರು ಕಟ್ಟುವುದು. ಹೀಗಾಗಿ ಮುಂಜಾನೆ ಒಂದು ಬಿಂದಿಗೆ, ಸಂಜೆ ಒಂದು ಬಿಂದಿಗೆ... ಗಂಡನ ಮನಸ್ಸಿನಲ್ಲಿ ತನಗೊಂದು ಜಾಗ ಸಿಗಲೆಂಬ ಆಸೆಯನ್ನೆಲ್ಲ ಆ ಪುಣ್ಯಾತ್ಗಿತ್ತಿ ಗಿಡದ ಬುಡಕ್ಕೆ ಸುರಿದಳು.

ಎಲೆಗಳು ಹಳದಿಯಾದವು. ಅವಳು ಇನ್ನಷ್ಟು ಸುರಿದಳು. ಎಲೆಗಳು ಉದುರಿದವು. ಆಗ ಭಯ ಹುಟ್ಟಿತು.

ಹಾಲಿನ ಡೈರಿಗೆ ಹೊರಟಿದ್ದ ಪಕ್ಕದ ಮನೆಯಾಕೆ ಅಂದು ಬೇಲಿಯಾಚೆ ನಿಂತು, "ಅಯ್ಯೋ, ಆವರಿಕೆನೂ ಒಣಗ್ತದಾ! ಯಾರೋ ಬೇಕಂತ್ಲೇ ಏನೋ ಮಾಡಿರ್ಬೇಕು ಬುಡು" ಎಂದು ಕಿಸಕ್ಕನೆ ನಕ್ಕು ಹೋದಳು. ರಂಜಿತ ಕೈಯಲ್ಲಿದ್ದ ಬಿಂದಿಗೆಯನ್ನು ಕೆಳಗಿಟ್ಟಳು. ಬೇಕಂತಲೇ! ಹಾಗಾದರೆ ಯಜಮಾನರೂ ಹಾಗೆಯೇ ತಿಳಿಯುತ್ತಾರೆ... ಸತ್ತವಳ ಮೇಲೂ ಹೊಟ್ಟೆಕಿಚ್ಚು ಪಟ್ಟವಳೆಂದು! ಆ ದಿನವೆಲ್ಲ ಬೈಕಿನ ಸದ್ದು ಕೇಳಿದಾಗಲೆಲ್ಲ, ಗಂಡನೇ ಬಂದನೆಂದು ಅಡುಗೆಮನೆಗೆ ಸರಿಯುತ್ತಿದ್ದಳು. ಸಂಜೆ ಬುಡವನ್ನು ಮುಟ್ಟಿ ನೋಡಿದರೆ ತೊಗಟೆ ಮೆತ್ತಗೆ ಕಿತ್ತುಬಂತು. ಕೊಳೆತ ಬೇರಿನ ವಾಸನೆ ಮೂಗಿಗೆ ಬಡಿಯಿತು.

ಹಿಂದೆ ರವೀಂದ್ರ ಬಂದು ನಿಂತಿದ್ದ.

"ನಾನು ಬೇಕಂತ ಮಾಡ್ಲಿಲ್ಲ ಕಣ್ರೀ..." ಅವಳ ದನಿ ಒಡೆಯಿತು. "ದಿನಾ ನೀರು ಹಾಕ್ದೆ. ಎಲ್ಡು ಒತ್ತೂ ಹಾಕ್ದೆ. ಅಕ್ಕನ ಮೇಲೆ ನಂಗೇನೂ ಇಲ್ಲ... ದೇವ್ರಾಣೆಗೂ ಇಲ್ಲ!"

"ಗೊತ್ತು. ದಿನಾ ನೋಡ್ತಿದ್ದೆ."

"ನೋಡ್ತಿದ್ರಾ? ನೀರು ಎಚ್ಚಾದ್ರೆ ಸಾಯ್ತದೆ ಅಂತ ಗೊತ್ತಿತ್ತಾ?"

"ಊಂ." ಒಣಭೂಮಿಯ ಆ ಗಂಡಸು ತಲೆ ತಗ್ಗಿಸಿದ. "ಬ್ಯಾಡ ಅನ್ನೋ ಮಾತು ಬಾಯಿಗಂಟ ಬಂತು. ಅಂದ್ಬುಟ್ರೆ, ಈ ಮನೇಲಿ ನೀನು ಮುಟ್ಟಬಾರದ್ದು ಒಂದೈತೆ ಅಂದಂಗಾಯ್ತದಲ್ಲ... ಅದ್ಕೆ ಎದ್ರುಕೊಂಡೆ. ಗಿಡ ಓದ್ರೆ ಓಗ್ಲಿ ಅಂದ್ಕೊಂಡೆ."

ಅಯ್ಯೋ, ಓದುಗರೇ! ಒಂದೇ ಸೂರಿನಡಿ ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಬಡಪಾಯಿ ಗಿಡ ಇಬ್ಬರ ಮೌನವನ್ನೂ ಕುಡಿದು ಕೊಳೆಯಿತು. ರಂಜಿತ ಅತ್ತಳು. ಆದರೆ ಈ ಅಳು ತನಗಾಗಿ ಅಲ್ಲ, ತಾನೆಂದೂ ಕಾಣದ ಆ ಹೆಣ್ಣಿಗಾಗಿ. ಆಕೆ ಬಿತ್ತಿದ್ದನ್ನು ಉಳಿಸಿಕೊಡಲಾಗಲಿಲ್ಲವೆಂಬ ಸಂಕಟವು, ಭಯವಿದ್ದ ಜಾಗದಲ್ಲೆಲ್ಲ ತುಂಬಿಕೊಂಡಿತು.

ರವೀಂದ್ರ ಗಿಡವನ್ನು ತಾನೇ ಕಿತ್ತ. ಅದು ಯಾವ ಹಟವನ್ನೂ ಮಾಡದೆ ಕೈಗೆ ಬಂತು. ತುದಿರೆಂಬೆಯಲ್ಲಿ ಹಿಂದಿನ ವರ್ಷದ ಕಾಯಿಗಳಿನ್ನೂ ಗಲಗಲ ಎನ್ನುತ್ತಿದ್ದವು. ಒಂದನ್ನು ಬಿಡಿಸಿ ಬೀಜಗಳನ್ನು ಅವಳ ಅಂಗೈಗಿಟ್ಟ.

"ಈ ಕೆಸರು ಒಣಗ್ಲಿ, ಆಮೇಲೆ ಆಕು. ಮೊಳಕೆ ಬಂದು ಬೇರು ಊರೋಗಂಟ ಚೂರು ನೀರು ಸಾಕು. ಆಮೇಲೆ ಬಿಸಿಲಿಗೆ ಬುಟ್ಬುಡು."

ಅವಳು ಬೀಜಗಳ ಮೇಲೆ ಬೆರಳು ಮುಚ್ಚಿದಳು. ಇಷ್ಟು ದಿನ ನಾಲಗೆಯ ತುದಿಯಲ್ಲೇ ಸಾಯುತ್ತಿದ್ದ ಪ್ರಶ್ನೆ ಈಗ ಹೊರಗೆ ಬಂತು.

"ಅಕ್ಕ ಎಂಗಿದ್ರು?"

ಅವನು ಅವಳನ್ನು ಜಗುಲಿಗೆ ಕರೆತಂದು ಪಕ್ಕದಲ್ಲಿ ಕುಳಿತು, "ಪ್ರಮೀಳಾ ಭಾರೀ ಮಾತುಗಾತಿ..." ಎಂದು ಶುರುಮಾಡಿದ.

ಒಲಿದವರು ಹೆದರುವುದು ತಪ್ಪಲ್ಲ. ಕಳೆದುಕೊಳ್ಳುವುದೇನಾದರೂ ಇದ್ದವರಿಗಷ್ಟೇ ಆ ನಡುಕ. ಆದರೆ ಭಯವನ್ನು ಬಾಯಿಬಿಟ್ಟು ಆಡಿದ ಕ್ಷಣದಲ್ಲಿ ಮನುಷ್ಯ ಹೃದಯವು ಎಷ್ಟು ವಿಶಾಲವಾಗಬಲ್ಲದು! ಆ ಸಂಜೆ ಆ ಜಗುಲಿಯ ಮೇಲೆ ಮೂವರಿಗೂ ಜಾಗವಿತ್ತು.