ಭಾನುವಾರದ ಮಾರನೆಯ ದಿನ

ಚಿಕ್ಕಮಲ್ಲಮ್ಮನ ಬಾಯಲ್ಲಿ ಮದುವೆಯಾದಾಗಿನಿಂದ ಗುರುವಾರ ಎಂಬ ಮಾತು ಬಂದದ್ದಿಲ್ಲ. ಗಂಡನ ಹೆಸರು ಗುರುಸ್ವಾಮಿ. ಹಾಗಾಗಿ ಗುಂಡ್ಲುಪೇಟೆಯ ಆ ಮನೆಯಲ್ಲಿ ವಾರವಾರವೂ 'ಬುಧವಾರದ ಮಾರನೆಯ ದಿನ' ಬರುತ್ತಿತ್ತು. ಚಾಮರಾಜನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಸೊಸೆ ಸುಧಾಮಣಿ ಮೊದಮೊದಲು ನಕ್ಕಳು. ಆಮೇಲೆ ಅತ್ತೆಯನ್ನು ರೇಗಿಸಲೆಂದೇ ಸೋಮವಾರವನ್ನು 'ಭಾನುವಾರದ ಮಾರನೆಯ ದಿನ' ಎನ್ನತೊಡಗಿದಳು. ಗಂಡ ಸೋಮಶೇಖರ್ ಒಳಕೋಣೆಯಿಂದ ನಗುತ್ತಿದ್ದ.

"ಗಿಡಗಂಟೆಗೆಲ್ಲ ನಾಲಿಗೆ ತಿರುಗದ ಹೆಸರಿಟ್ಟು ಕರೀತೀಯ. ನಾನೊಬ್ಬ ಬೇಡ್ವಾ?"

ಹೋದ ದೀಪಾವಳಿ ಕಳೆದ ಮೇಲೆ ಎದೆನೋವೆಂದು ಕುಳಿತವನು ಏಳಲಿಲ್ಲ. ತಮಾಷೆ ಮಾತ್ರ ಸುಧಾಮಣಿಯ ಬಾಯಲ್ಲಿ ಬೀಗದಂತೆ ಉಳಿದುಬಿಟ್ಟಿತು. ಕಾಲೇಜಿನಲ್ಲಿ 'ಮಂಡೇ' ಎಂದು ಪಾರಾಗುತ್ತಿದ್ದಳು. ಮನೆಯಲ್ಲಿ ಅವನ ಹೆಸರೂ ಇಲ್ಲ, ಆ ವಾರವೂ ಇಲ್ಲ. ಅಳುವೂ ಬರಲಿಲ್ಲ. ಹೇಳದಿರುವ ತನಕ ಒಳಕೋಣೆಯಲ್ಲಿ ಯಾರೋ ನಗಲು ಕಾದಿದ್ದಾರೆ ಎನಿಸುತ್ತಿತ್ತು. ಹೇಳಿಬಿಟ್ಟರೆ ಅದು ಬರೀ ಕೋಣೆ.

ಶ್ರೀಲಂಕಾ ನೋಡಬೇಕೆಂಬುದು ಅವನ ಆಸೆ. ಪೇರಾದೆನಿಯದ ಸಸ್ಯತೋಟ ಅವಳಿಗೆ, ಬೆಟ್ಟದ ಜಲಪಾತ ತನಗೆ ಎಂದು ಪಾಲು ಮಾಡಿಟ್ಟಿದ್ದ. "ಅವ್ನು ಆಸೆಪಟ್ಟಿದ್ದ ಜಾಗ, ನಾವಾರೂ ನೋಡ್ಕ ಬರನ ನಡಿ ಕಣಮ್ಮಿ" ಎಂದು ಹೊರಡಿಸಿದವಳು ಚಿಕ್ಕಮಲ್ಲಮ್ಮನೇ. ಗುರುಸ್ವಾಮಿ ಅರಿಸಿನದ ವ್ಯಾಪಾರ ಬಿಟ್ಟು ಬರಲಾರೆನೆಂದು ಊರಲ್ಲೇ ಉಳಿದರು.

ತೋಟದಲ್ಲಿ ತಾಳೆಮರಗಳು ಎರಡು ಸಾಲಾಗಿ ಆಕಾಶದವರೆಗೂ ಹೋಗಿದ್ದವು. ದೈತ್ಯ ಬಿದಿರು ಗಾಳಿಗೆ ಬಾಗಿಲು ತೆರೆದಂತೆ ಕಿರುಗುಟ್ಟುತ್ತಿತ್ತು. ಸುಧಾಮಣಿಗೆ ತಾನು ನಡೆಯುತ್ತಿಲ್ಲ, ತೋಟವೇ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದೆ ಎನಿಸಿತು. ಫಲಕಗಳ ಮೇಲಿನ ಹೆಸರುಗಳನ್ನೆಲ್ಲ ತುಟಿಯಲ್ಲೇ ಓದಿಕೊಂಡಳು. ಒಂದೂ ತೊಡರಲಿಲ್ಲ.

"ಅಯ್ಯೋ ಶಿವನೆ," ಚಿಕ್ಕಮಲ್ಲಮ್ಮ ಒಂದು ಪಾತಿಯ ಮುಂದೆ ನಿಂತಳು. "ಸಮುದ್ರ ದಾಟಿ ಬಂದ್ರೂ ಅರಿಸ್ನ. ನಿಮ್ಮಾವ ಕಂಡಿದ್ರೆ ಇಲ್ಲೂ ರೇಟು ಕೇಳ್ತಿದ್ರು."

ಮರುದಿನ ವ್ಯಾನು ಟೀ ತೋಟಗಳ ನಡುವೆ ಹತ್ತಿತು. ಚಾಲಕ ಅಲ್ಲಿಯ ತಮಿಳಿನವನು. ತಮಿಳುನಾಡಿನ ಗಡಿಯಲ್ಲಿ ಹುಟ್ಟಿದ ಚಿಕ್ಕಮಲ್ಲಮ್ಮ ಅವನ ಜೊತೆ ದಾರಿಯುದ್ದಕ್ಕೂ ಹರಟಿದಳು. ನಡುವೆ ಸೊಸೆಯ ಕಡೆ ತಿರುಗಿ, "ಇವ್ರ ಮಾತಲ್ಲಿ ಬುಧವಾರದ ಮಾರ್ನೆ ದಿನಕ್ಕೆ ವಿಯಾಳಕಿಳಮೆ ಅಂತಾರೆ, ನಿಮ್ಮಾವನ ಹೆಸ್ರೇ ಇಲ್ಲ. ನಿನ್ ವಾರನೂ ಅಷ್ಟೆಯ, ತಿಂಗಕಿಳಮೆ. ನಾವು ಇಲ್ಲೇ ಹುಟ್ಬೇಕಿತ್ತು" ಎಂದಳು.

ಜಲಪಾತದ ಹತ್ತಿರ ಮಾತು ನಿಂತಿತು. ಬೆಟ್ಟದ ಮೇಲಿಂದ ಬಿಳಿ ನೀರು ಬೀಳುತ್ತಿತ್ತೋ, ನೀರು ನಿಂತು ಬೆಟ್ಟವೇ ಏರುತ್ತಿತ್ತೋ ತಿಳಿಯದು. ತುಂತುರು ಮಂಜಾಗಿ ಇಬ್ಬರನ್ನೂ ಸುತ್ತಿಕೊಂಡಿತು. ಚಿಕ್ಕಮಲ್ಲಮ್ಮ ಕಂಬಿ ಹಿಡಿದು ಮುಂದೆ ಬಾಗಿ, ಏನನ್ನೋ ಕೂಗಿ, ಸೆರಗಿನಿಂದ ಬಾಯಿ ಮುಚ್ಚಿ ಹುಡುಗಿಯಂತೆ ನಕ್ಕಳು.

"ಏನತ್ತೆ?"

"ಗುರುಸ್ವಾಮಿ ಅಂತ ಕರ್ದ್‌ಬುಟ್ಟೆ ಕಣೆ." ಅವಳು ಸೊಸೆಯ ಕಿವಿಗೆ ಬಾಯಿಟ್ಟು ಹೇಳಿದಳು. "ಗುಂಡ್ಲುಪೇಟೇಲಿ ಟೀ ಕುಡೀತಾ ಕೂತವ್ರೆ, ಅವ್ರಿಗೆಲ್ಲಿ ಕೇಳುತ್ತೆ. ನೀನೂ ಕರಿ. ಅವ್ನಿಗೂ ಕೇಳ್ಸದಿಲ್ಲ ಬುಡು."

ಹೇಳಿದ ಮೇಲೆ ಅವಳ ಮುಖ ಬಿಳುಚಿತು. ಮಗನನ್ನು ಹೆತ್ತವಳು ಅವಳು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ದಾರಿ ಕಾಣದೆ ನಿಂತಳು.

ಕೇಳಿಸುವುದಿಲ್ಲ. ಸುಧಾಮಣಿ ಆ ಮಾತನ್ನು ತಿರುವಿ ನೋಡಿದಳು. ಇಷ್ಟು ತಿಂಗಳು ಯಾರೂ ಅಷ್ಟು ಸರಳವಾಗಿ ಹೇಳಿರಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು, ಬೀಳುವ ನೀರಿಗೆ ಮುಖವೊಡ್ಡಿ, "ಸೋಮಶೇಖರ್" ಎಂದಳು.

ನೀರು ಅದನ್ನೂ ತೆಗೆದುಕೊಂಡು ಹೋಯಿತು. ಯಾರೂ ನಗಲಿಲ್ಲ. ಮುಖದ ಮೇಲಿನ ನೀರಲ್ಲಿ ಒಂದಿಷ್ಟು ಬೆಚ್ಚಗಿತ್ತು. ಬೆಳಗಿನಿಂದಲೂ ಚಳಿಯಿತ್ತೆಂಬುದು ಅವಳಿಗೆ ಆಗ ಗೊತ್ತಾಯಿತು. ಶಾಲು ಹೊದ್ದುಕೊಂಡಳು.

ವ್ಯಾನು ಹತ್ತುವಾಗ ಚಾಲಕ, ವಿಮಾನ ಯಾವತ್ತು ಎಂದು ಕೇಳಿದ. ಚಿಕ್ಕಮಲ್ಲಮ್ಮ ತಮಿಳಿನಲ್ಲಿ ಉತ್ತರಿಸಲು ಬಾಯಿ ತೆರೆದಳು.

"ಸೋಮವಾರ" ಎಂದಳು ಸುಧಾಮಣಿ.

ಅವನು ಅರ್ಥವಾಗದೆ ಮುದುಕಿಯ ಮುಖ ನೋಡಿದ. ಚಿಕ್ಕಮಲ್ಲಮ್ಮ ಸೊಸೆಯ ಶಾಲನ್ನು ಭುಜದ ಮೇಲೆ ಸರಿಮಾಡಿ, "ತಿಂಗಕಿಳಮೆ" ಎಂದು ಅವನಿಗೆ ಹೇಳಿದಳು. ವ್ಯಾನು ಹೊರಟಂತೆ ಕಿಟಕಿಯ ಆಚೆ ನೀರಿನ ಸದ್ದು ಸಣ್ಣಗಾಗುತ್ತಿತ್ತು.